ಹರಳಿನ ನೋವಿಗೆ ಯಾವ ಸೂಜಿ?

ಹೊಟ್ಟೆನೋವೆಂದು ಕ್ಯಾಷುವಾಲ್ಟಿಗೆ ಬಂದವರ ಮಾತು ಕೇಳುವ ಮೊದಲು ಅವರ ಮೈ ನೋಡಬೇಕು. ಅಪೆಂಡಿಕ್ಸ್ ಒಡೆದವನು ಮಿಸುಕಾಡದೆ ಮಲಗಿರುತ್ತಾನೆ. ಮಂಚಕ್ಕೆ ಯಾರದಾದರೂ ಕಾಲು ತಾಗಿದರೂ ಮುಖ ಹಿಂಡುತ್ತಾನೆ. ಕಿಡ್ನಿಯ ಹರಳು ಮೂತ್ರನಾಳಕ್ಕಿಳಿದು ಸಿಕ್ಕಿಕೊಂಡವನ ಕಥೆಯೇ ಬೇರೆ. ಅವನು ನಿಲ್ಲಲಾರ, ಕೂರಲಾರ. ಮಂಚದಿಂದ ಇಳಿಯುತ್ತಾನೆ, ಮೊಣಕಾಲೂರುತ್ತಾನೆ, ಗೋಡೆ ಹಿಡಿಯುತ್ತಾನೆ, ವಾಂತಿ ಮಾಡಿಕೊಳ್ಳುತ್ತಾನೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತರಲು ಹೋಗುವ ಸೆಕ್ಯೂರಿಟಿಯವರೇ "ಸ್ಟೋನ್ ಕೇಸು ಸಾ" ಎಂದು ಒಳಕ್ಕೆ ಕೂಗುತ್ತಾರೆ. ಬಹಳ ಸಲ ಅವರು ಹೇಳಿದ್ದೇ ಸರಿಯಾಗಿರುತ್ತದೆ.

ಗುರುತಿಸುವುದು ಇಷ್ಟು ಸುಲಭವಾದ ನೋವಿಗೆ ಮೊದಲು ಯಾವ ಔಷಧ ಕೊಡಬೇಕು ಎಂಬಲ್ಲಿ ಮಾತ್ರ ಒಂದೊಂದು ಆಸ್ಪತ್ರೆಯದು ಒಂದೊಂದು ರೂಢಿ. ಸೀನಿಯರ್ ಬರೆಯುತ್ತಿದ್ದುದನ್ನೇ ಜೂನಿಯರ್ ಬರೆಯುತ್ತಾನೆ, ಜೂನಿಯರ್ ಬರೆಯುವ ಮೊದಲೇ ಸಿಸ್ಟರ್ ಸಿರಿಂಜಿಗೆ ಎಳೆದಿರುತ್ತಾರೆ. ರಾತ್ರಿಪಾಳಿಗಳಲ್ಲಿ ಕಂಡದ್ದನ್ನೂ ಬಿಡುವಿನಲ್ಲಿ ಓದಿದ್ದನ್ನೂ ಸೇರಿಸಿ ಕೆಲವು ಮಾತು ಬರೆಯುತ್ತಿದ್ದೇನೆ. ಹೊಸದಾಗಿ ಡ್ಯೂಟಿಗೆ ಸೇರುವವರು ನನ್ನ ಮನಸ್ಸಿನಲ್ಲಿದ್ದಾರೆ. ಹರಳಿರುವವರೂ ಅವರ ಮನೆಯವರೂ ಓದಿದರೆ ಸಂತೋಷ. ತಾವೇ ಮೆಡಿಕಲ್ ಸ್ಟೋರಿನಿಂದ ಸೂಜಿ ತರಲಿ ಎಂದಲ್ಲ, ಡಾಕ್ಟರು ಕೇಳುವ ಪ್ರಶ್ನೆಗಳಿಗೆ ತಕ್ಕ ಉತ್ತರ ಕೊಡಲಿ ಎಂದು.

1. ಹರಳು ಚುಚ್ಚುವುದರಿಂದ ನೋವಲ್ಲ, ಮೂತ್ರ ತುಂಬಿ ಒತ್ತುವುದರಿಂದ

ಹರಳಿಗೆ ಮುಳ್ಳುಗಳಿವೆ, ಅವು ಗೀರುತ್ತವೆ, ಅದಕ್ಕೇ ಈ ನೋವು ಎಂದು ಜನ ನಂಬಿದ್ದಾರೆ. ನಾಳ ಹಿಡಿದುಕೊಂಡಿದೆ, ಸ್ಪಾಸಂ ಆಗಿದೆ ಎಂದು ನಾವು ಡಾಕ್ಟರುಗಳು ಬಹುಕಾಲ ಹೇಳಿಕೊಂಡು ಬಂದೆವು. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ನೋವಿನ ಮೂಲ ಇರುವುದು ಇನ್ನೂ ಮೇಲೆ, ಕಿಡ್ನಿಯಲ್ಲಿ. ನಾಳ ಕಟ್ಟಿಕೊಂಡಾಗ ಮೂತ್ರ ಹಿಂದಕ್ಕೆ ನಿಂತು ಕಿಡ್ನಿಯ ಒಳಗಿನ ಬಟ್ಟಲು ಉಬ್ಬುತ್ತದೆ. ಉಬ್ಬಿದ ಗೋಡೆಯಿಂದ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಅದು ಕಿಡ್ನಿಗೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ. ರಕ್ತ ಹೆಚ್ಚು ಬಂತೆಂದರೆ ಮೂತ್ರವೂ ಹೆಚ್ಚು ತಯಾರಾಗುತ್ತದೆ, ಒತ್ತಡ ಇನ್ನಷ್ಟು ಏರುತ್ತದೆ. ಪೈಪಿನ ಬಾಯಿ ಕಟ್ಟಿಕೊಂಡಿರುವಾಗ ಮೋಟಾರನ್ನು ಇನ್ನೂ ಜೋರಾಗಿ ಓಡಿಸಿದ ಹಾಗೆ. ಅದೇ ಪ್ರೋಸ್ಟಾಗ್ಲಾಂಡಿನ್ ಮೂತ್ರನಾಳದ ಸ್ನಾಯುವನ್ನೂ ಕೆರಳಿಸುತ್ತದೆ.

ಆಸ್ಪಿರಿನ್ ಜಾತಿಯ ಔಷಧಗಳು ಪ್ರೋಸ್ಟಾಗ್ಲಾಂಡಿನ್ ಹುಟ್ಟದಂತೆ ತಡೆಯುತ್ತವೆ ಎಂದು 1971ರಲ್ಲಿ ತೋರಿಸಿದವರು ಬ್ರಿಟನ್ನಿನ ಜಾನ್ ವೇನ್. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲಿತ್ತು. ಹರಳಿನ ನೋವಿನಲ್ಲಿ ಅದೇ ಜಾತಿಯ ಡೈಕ್ಲೋಫೆನಾಕ್ ಏಕೆ ಅಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಅದು ಮಿದುಳಿಗೆ ಹೋಗಿ ನೋವನ್ನು ಮರೆಸುವುದಿಲ್ಲ. ಕಿಡ್ನಿಗೆ ನುಗ್ಗುವ ರಕ್ತವನ್ನು ತಗ್ಗಿಸಿ, ಒತ್ತಡವನ್ನೇ ಇಳಿಸುತ್ತದೆ. ಈ ಮಾತನ್ನು ಗಟ್ಟಿಯಾಗಿ ನೆನಪಿಡಿ. ಔಷಧದ ಗುಣ ಯಾವುದೋ ಅಪಾಯವೂ ಅದೇ. ಐದನೇ ಪಾಠ ಪೂರ್ತಿ ನಿಂತಿರುವುದು ಇದರ ಮೇಲೆ.

2. ಮೊದಲ ಸೂಜಿ ಡೈಕ್ಲೋಫೆನಾಕ್, ಅದೂ ಸ್ಕ್ಯಾನಿಂಗಿಗೆ ಮೊದಲು

ಮಾರ್ಫಿನ್ ದೊಡ್ಡ ಔಷಧ, ಡೈಕ್ಲೋಫೆನಾಕ್ ಸಣ್ಣದು ಎಂಬ ಶ್ರೇಣಿ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನೋವು ದೊಡ್ಡದಾದರೆ ಔಷಧವೂ ದೊಡ್ಡದಿರಲಿ ಎಂದು ಅನ್ನಿಸುವುದು ಸಹಜ. ಇದನ್ನು ನೇರವಾಗಿ ಪರೀಕ್ಷಿಸಿ ನೋಡಿದ್ದು ಕತಾರಿನ ದೋಹಾ ನಗರದ ಹಮದ್ ಜನರಲ್ ಆಸ್ಪತ್ರೆಯಲ್ಲಿ. ಭಟ್ಕಳ, ಉಡುಪಿ, ಮಂಗಳೂರು ಕಡೆಯಿಂದ ದುಡಿಯಲು ಹೋದ ನಮ್ಮವರು ತುಂಬಿರುವ ಊರು ಅದು. ಬಿಸಿಲಿನಲ್ಲಿ ಬೆವರು ಸುರಿಸಿ ಮೈಯ ನೀರು ಆರಿದವರಿಗೆ ಹರಳು ಕಟ್ಟುವುದು ಹೆಚ್ಚು. ಕೊಲ್ಲಿ ದೇಶಗಳ ಆಸ್ಪತ್ರೆಗಳಿಗೆ ಈ ನೋವು ದಿನನಿತ್ಯದ್ದು.

ಸಮೀರ್ ಪಠಾಣ್ ಮತ್ತು ಸಂಗಡಿಗರು ಅಲ್ಲಿ 1,645 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾಂಸಖಂಡಕ್ಕೆ 75 ಮಿ.ಗ್ರಾಂ. ಡೈಕ್ಲೋಫೆನಾಕ್, ಇನ್ನೊಂದಕ್ಕೆ ರಕ್ತನಾಳದ ಮೂಲಕ 1 ಗ್ರಾಂ ಪ್ಯಾರಸಿಟಮಾಲ್, ಮತ್ತೊಂದಕ್ಕೆ ದೇಹತೂಕದ ಪ್ರತಿ ಕಿಲೋಗೆ 0.1 ಮಿ.ಗ್ರಾಂ. ಲೆಕ್ಕದಲ್ಲಿ ಮಾರ್ಫಿನ್. ರೋಗಿಗಾಗಲಿ ಎದುರಿಗಿದ್ದ ಡಾಕ್ಟರಿಗಾಗಲಿ ಯಾವುದು ಯಾರಿಗೆ ಹೋಯಿತೆಂದು ತಿಳಿಯದಂತೆ ಏರ್ಪಾಡಿತ್ತು. ಅರ್ಧ ಗಂಟೆಯಲ್ಲಿ ನೋವು ಕನಿಷ್ಠ ಅರ್ಧಕ್ಕಿಳಿದವರು ಡೈಕ್ಲೋಫೆನಾಕಿನಲ್ಲಿ ಶೇ. 68, ಪ್ಯಾರಸಿಟಮಾಲಿನಲ್ಲಿ ಶೇ. 66, ಮಾರ್ಫಿನಿನಲ್ಲಿ ಶೇ. 61. ಅಡ್ಡಪರಿಣಾಮ ಮಾರ್ಫಿನಿನಲ್ಲಿ ಶೇ. 3, ಉಳಿದೆರಡರಲ್ಲಿ ಶೇ. 1. ಮತ್ತೊಂದು ಔಷಧ ಸೇರಿಸಬೇಕಾದ ಪ್ರಸಂಗವೂ ಡೈಕ್ಲೋಫೆನಾಕ್ ಪಡೆದವರಲ್ಲೇ ಕಡಿಮೆ ಬಂತು. 2016ರಲ್ಲಿ 'ದಿ ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. ಅಂತರಗಳು ದೊಡ್ಡವಲ್ಲ, ಒಪ್ಪಿದೆ. ಆದರೆ ಯಾವುದನ್ನು ನಾವು ಬ್ರಹ್ಮಾಸ್ತ್ರ ಎಂದುಕೊಂಡಿದ್ದೆವೋ ಅದೇ ಕೊನೆಗೆ ನಿಂತಿತು. ಈ ಪ್ರಯೋಗದಲ್ಲಿದ್ದವರು 18ರಿಂದ 65 ವಯಸ್ಸಿನವರು. ಕಿಡ್ನಿ ಕೆಟ್ಟವರನ್ನು ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಮರೆಯಬಾರದು.

"ಹತ್ತಕ್ಕೆ ಎಷ್ಟು ನೋವು?" ಎಂಬ ಪುಸ್ತಕದ ಪ್ರಶ್ನೆ ನಮ್ಮ ಕಡೆ ನಡೆಯುವುದಿಲ್ಲ. "ಹತ್ತಕ್ಕೆ ಇಪ್ಪತ್ತೈತೆ ಸಾ, ಮೊದ್ಲು ಸೂಜಿ ಚುಚ್ಚಿ" ಅನ್ನುತ್ತಾರೆ. ಆದರೆ ಅರ್ಧ ಗಂಟೆ ಬಿಟ್ಟು "ಈಗ ರೂಪಾಯಿಗೆ ಎಷ್ಟಾಣೆ ಕಮ್ಮಿ ಆಗಿದೆ ಯಜಮಾನ್ರೇ?" ಎಂದು ಕೇಳಿ ನೋಡಿ. "ಎಂಟಾಣೆ ಕಮ್ಮಿ", "ಹನ್ನೆರಡಾಣೆ ವಾಸಿ", "ನಾಲ್ಕಾಣೆನೂ ಇಲ್ಲ" ಎಂದು ಯೋಚಿಸಿ, ತೂಗಿ ಹೇಳುತ್ತಾರೆ. ಆಣೆಯನ್ನು ಕಣ್ಣಿಂದ ಕಾಣದ ಹುಡುಗರೂ ಹೇಳುತ್ತಾರೆ. ದೋಹಾದ ಪ್ರಯೋಗ ಅಳೆದದ್ದೂ ಇದೇ ಎಂಟಾಣೆಯನ್ನು. ನಾನು ಕೇಸ್ ಶೀಟಿನಲ್ಲಿ ಆಣೆಯನ್ನು ಶೇಕಡಾ ಮಾಡಿ ಬರೆದುಕೊಳ್ಳುತ್ತೇನೆ. ಅರ್ಧ ಗಂಟೆಗೆ ಎಂಟಾಣೆ ಇಳಿಯದಿದ್ದರೆ ಎರಡನೇ ಔಷಧದ ಯೋಚನೆ.

"ಸ್ಕ್ಯಾನಿಂಗ್ ಆಗಲಿ, ಆಮೇಲೆ ನೋವಿಗೆ ಕೊಡೋಣ, ಈಗಲೇ ಕೊಟ್ಟರೆ ರೋಗ ಮುಚ್ಚಿಹೋಗುತ್ತೆ" ಎಂಬ ಹಳೆಯ ಭಯ ಇನ್ನೂ ಕೆಲವರಲ್ಲಿದೆ. ಅಲ್ಟ್ರಾಸೌಂಡಿನಲ್ಲಿ ಉಬ್ಬಿದ ಕಿಡ್ನಿಯನ್ನು ಡೈಕ್ಲೋಫೆನಾಕ್ ಮುಚ್ಚಿಡಲಾರದು. ನೋವಿಗೆ ಹೊರಳಾಡುವವನನ್ನು ಮೇಜಿನ ಮೇಲೆ ಮಲಗಿಸಿ ಸ್ಕ್ಯಾನ್ ಮಾಡುವುದಕ್ಕಂತೂ ಆಗುವುದಿಲ್ಲ.

3. ಸ್ಪಾಸಂ ಸೂಜಿಯ ಮೋಹ ಬಿಡಬೇಕು

ನಮ್ಮ ದೇಶದಲ್ಲಿ ಹೊಟ್ಟೆಯ ಯಾವ ನೋವಿಗೂ ಡ್ರೋಟಾವೆರಿನ್, ಡೈಸೈಕ್ಲೋಮಿನ್, ಹಯೋಸಿನ್. ಒಂದಲ್ಲ ಒಂದು ಸ್ನಾಯು ಸಡಿಲಿಸುವ ಔಷಧ ಚೀಟಿಯಲ್ಲಿ ಇದ್ದೇ ಇರುತ್ತದೆ. ಮೂತ್ರನಾಳ ಹಿಡಿದುಕೊಂಡಿದೆ ಎಂಬ ವಿವರಣೆಗೆ ಇದು ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತದೆ. ರೋಗಿಗೂ ಅರ್ಥವಾಗುತ್ತದೆ: ಹಿಡಿದದ್ದನ್ನು ಬಿಡಿಸುವ ಸೂಜಿ. ಆದರೆ ಪಕ್ಕಪಕ್ಕದಲ್ಲಿಟ್ಟು ನೋಡಿದ ಅಧ್ಯಯನಗಳಲ್ಲಿ ಹಯೋಸಿನ್‌ನಂಥವು ಡೈಕ್ಲೋಫೆನಾಕ್ ಗುಂಪಿಗಿಂತ ಹಿಂದೆಯೇ ಬಿದ್ದವು. ಎರಡನ್ನೂ ಸೇರಿಸಿ ಕೊಟ್ಟರೆ ಹೆಚ್ಚು ಲಾಭವಾದೀತೇ ಎಂದರೆ ಅದೂ ಇಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2015ರ ಕಾಕ್ರೇನ್ ಪರಿಶೀಲನೆ ಹೇಳಿತು. ಬ್ರಿಟನ್ನಿನ ನೈಸ್ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಸ್ಪಾಸಂ ಔಷಧಗಳನ್ನು ಹರಳಿನ ನೋವಿಗೆ ಕೊಡಬೇಡಿ ಎಂದೇ ಬರೆದಿದೆ. ಅದರ ಪ್ರಕಾರ ಮೊದಲು ಡೈಕ್ಲೋಫೆನಾಕ್ ಜಾತಿಯದು, ಅದು ಆಗದವರಿಗೆ ರಕ್ತನಾಳದ ಪ್ಯಾರಸಿಟಮಾಲ್, ಎರಡೂ ಸಾಲದಾದರೆ ಮಾತ್ರ ಮಾರ್ಫಿನ್ ಗುಂಪು.

ಪಕ್ಕದಲ್ಲೇ ಇರಲಿ ಬಿಡಿ, ಏನು ನಷ್ಟ ಎಂದು ವಾದಿಸುವವರಿದ್ದಾರೆ. ಹಯೋಸಿನ್, ಡೈಸೈಕ್ಲೋಮಿನ್ ಕೊಟ್ಟರೆ ಬಾಯಿ ಒಣಗುತ್ತದೆ, ಎದೆ ಡವಗುಟ್ಟುತ್ತದೆ. ಪ್ರಾಸ್ಟೇಟ್ ದಪ್ಪಗಾಗಿರುವ ಮುದುಕರಿಗೆ ಮೂತ್ರವೇ ಕಟ್ಟಿಬಿಡಬಹುದು. ಹರಳಿನಿಂದ ಬಂದವರಿಗೆ ನಾವೇ ಕೆಥೀಟರ್ ಹಾಕಿ ಕಳಿಸುವ ಹಾಗಾಗುತ್ತದೆ.

ಹಿರಿಯರಿಗೆ ಬರಲ್ಗನ್ ಸೂಜಿ ನೆನಪಿರಬೇಕು. "ಅಂಥಾ ಸೂಜಿ ಈಗ ಬರಲ್ಲ ಬಿಡಿ" ಎಂದು ಈಗಲೂ ಹೇಳುವವರಿದ್ದಾರೆ. ಅದು ಅನಾಲ್ಜಿನ್ ಜೊತೆಗೆ ಎರಡು ಸ್ಪಾಸಂ ಔಷಧ ಕೂಡಿಸಿದ್ದು. ಕೆಲಸ ಮಾಡುತ್ತಿದ್ದದ್ದು ಮುಖ್ಯವಾಗಿ ಅನಾಲ್ಜಿನ್, ಕೀರ್ತಿ ಮಾತ್ರ ಸ್ಪಾಸಂ ಔಷಧಕ್ಕೆ ಹೋಯಿತು ಎಂದು ನನ್ನ ಅನಿಸಿಕೆ. ಅನಾಲ್ಜಿನ್ ಒಳ್ಳೆಯ ನೋವುನಿವಾರಕವೇ. ಅಪರೂಪಕ್ಕೆ ರಕ್ತದ ಬಿಳಿಕಣಗಳನ್ನು ಪೂರ್ತಿ ಇಳಿಸಿಬಿಡುತ್ತದೆ ಎಂಬ ಕಾರಣಕ್ಕೆ ಅಮೆರಿಕದಲ್ಲಿ 1977ರಲ್ಲೇ ಹೋಯಿತು. ಜರ್ಮನಿ, ಸ್ಪೇನ್‌ಗಳಲ್ಲಿ ಇನ್ನೂ ನಡೆಯುತ್ತದೆ. ಭಾರತ 2013ರ ಜೂನ್‌ನಲ್ಲಿ ನಿಲ್ಲಿಸಿ, 2014ರ ಫೆಬ್ರುವರಿಯಲ್ಲಿ ಷರತ್ತಿನ ಮೇಲೆ ಮತ್ತೆ ಬಿಟ್ಟಿತು.

4. ಸೂಜಿ ಎಲ್ಲಿಗೆ, ಎಷ್ಟು

ಸಾಮಾನ್ಯ ಡೈಕ್ಲೋಫೆನಾಕ್ ಆಂಪೂಲಿನಲ್ಲಿ 3 ಮಿ.ಲೀ.ಗೆ 75 ಮಿ.ಗ್ರಾಂ. ಇರುತ್ತದೆ. ಪೃಷ್ಠದ ಮೇಲ್ಭಾಗದಲ್ಲಿ, ಹೊರಮಗ್ಗುಲಿಗೆ, ಆಳಕ್ಕೆ ಕೊಡಬೇಕು. ನಿಂತಿರುವವನ ಪ್ಯಾಂಟನ್ನು ಎರಡಿಂಚು ಸರಿಸಿ ಸಿಕ್ಕಿದಲ್ಲಿ ಚುಚ್ಚುವ ಅಭ್ಯಾಸದಿಂದ ಕಾಲಿಗೆ ಹೋಗುವ ದೊಡ್ಡ ನರಕ್ಕೆ ಪೆಟ್ಟಾಗಿ, ಪಾದ ಎತ್ತಲಾಗದೆ ಎಳೆಯುತ್ತಾ ನಡೆಯುವ ಸ್ಥಿತಿ ಬರಬಹುದು. ರಕ್ತನಾಳಕ್ಕೆ ಕೊಡುವಂಥ ತಯಾರಿಕೆಗಳು ಬೇರೆ ಇವೆ. ಲೇಬಲ್ ಓದದೆ ಎಲ್ಲ ಆಂಪೂಲೂ ಒಂದೇ ಎಂದು ಭಾವಿಸಬಾರದು. ದಿನಕ್ಕೆ ಒಟ್ಟು 150 ಮಿ.ಗ್ರಾಂ. ದಾಟಬಾರದು. ಆಸ್ಪತ್ರೆಗೆ ಬರುವ ದಾರಿಯಲ್ಲಿ ಕ್ಲಿನಿಕ್ಕಿನಲ್ಲಿ ಒಂದು ಸೂಜಿ, ಬೆಳಿಗ್ಗೆ ಮನೆಯಲ್ಲಿ ಎರಡು ಮಾತ್ರೆ ಆಗಿಬಿಟ್ಟಿರುತ್ತದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಗುದದ್ವಾರದಲ್ಲಿಡುವ 100 ಮಿ.ಗ್ರಾಂ. ಸಪೋಸಿಟರಿ ಚೆನ್ನಾಗಿ ಕೆಲಸ ಮಾಡುತ್ತದೆ. ವಾಂತಿ ಮಾಡುವವರಿಗೆ, ರಾತ್ರಿ ಮನೆಯಲ್ಲಿ ಮತ್ತೆ ನೋವು ಬಂದವರಿಗೆ ಅದರಷ್ಟು ಅನುಕೂಲ ಬೇರೆಯಿಲ್ಲ. ನಮ್ಮ ಜನ ನಾಚಿಕೆಗೆ ಒಪ್ಪುವುದಿಲ್ಲ. ಒಮ್ಮೆ ಬಳಸಿದವರು ಮುಂದಿನ ಸಲ ತಾವೇ ಹೆಸರು ಹೇಳಿ ಕೇಳುತ್ತಾರೆ.

ಡೈಕ್ಲೋಫೆನಾಕ್ ಜಾತಿಯದೇ ಆದ ಕೀಟೊರೊಲ್ಯಾಕ್ ಇನ್ನೊಂದು ಒಳ್ಳೆಯ ಆಯ್ಕೆ. ರಕ್ತನಾಳಕ್ಕೆ ಕೊಡಬಹುದು, ಬೇಗ ಹಿಡಿಯುತ್ತದೆ. ಅದರಲ್ಲೊಂದು ವಿಶೇಷವಿದೆ. ಬ್ರೂಕ್ಲಿನ್‌ನಲ್ಲಿ 240 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 10, 15, 30 ಮಿ.ಗ್ರಾಂ. ಮೂರೂ ಒಂದೇ ಸಮನೆ ನೋವಿಳಿಸಿದವು. ಒಂದು ಮಟ್ಟದಾಚೆ ಔಷಧ ಏರಿಸಿದರೆ ಏರುವುದು ಹೊಟ್ಟೆಯ ಹುಣ್ಣು, ಕಿಡ್ನಿಯ ಕಾಟ ಮಾತ್ರ. ನಾನು 15ರಲ್ಲಿ ನಿಲ್ಲಿಸುತ್ತೇನೆ.

ಡೈಕ್ಲೋಫೆನಾಕ್ ಆಂಪೂಲು 3 ಮಿ.ಲೀ.ದೇ ಏಕೆ, ಹಿಂದೆ ಸಿಗುತ್ತಿದ್ದ ದೊಡ್ಡ ಬಾಟಲಿ ಏನಾಯಿತು ಎಂದು ಒಬ್ಬ ಫಾರ್ಮಸಿಸ್ಟ್ ಹುಡುಗ ಕೇಳಿದ್ದ. ಕಾರಣ ರಣಹದ್ದು. ಡೈಕ್ಲೋಫೆನಾಕ್ ಕೊಡಿಸಿಕೊಂಡ ದನ ಸತ್ತರೆ, ಅದನ್ನು ತಿಂದ ಹದ್ದುಗಳು ಕಿಡ್ನಿ ಹೋಗಿ ಸಾಯುತ್ತವೆ. 2006ರಲ್ಲಿ ಪಶುಗಳಿಗೆ ಇದನ್ನು ನಿಷೇಧಿಸಿದರು. ಮನುಷ್ಯರ ದೊಡ್ಡ ಬಾಟಲಿಯನ್ನೇ ಹಸುವಿಗೆ ಚುಚ್ಚುವುದು ನಿಲ್ಲಲಿಲ್ಲವಾಗಿ, 2015ರಲ್ಲಿ ಒಂದು ಸಲಕ್ಕಾಗುವಷ್ಟೇ ತುಂಬಬೇಕೆಂದು ಕಟ್ಟು ಮಾಡಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳಿಗೂ ನಮ್ಮ ಡ್ರೆಸ್ಸಿಂಗ್ ಟ್ರಾಲಿಗೂ ಇಷ್ಟು ನಂಟಿದೆ.

5. ಸಿರಿಂಜಿಗೆ ಎಳೆಯುವ ಮೊದಲು ಕೇಳಬೇಕಾದದ್ದು

ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸಿ ಡೈಕ್ಲೋಫೆನಾಕ್ ನೋವಿಳಿಸುತ್ತದೆ ಎಂದೆ. ಇಪ್ಪತ್ತೈದರ ಗಟ್ಟಿಮುಟ್ಟಾದ ಹುಡುಗನಿಗೆ ಎರಡು ಕಿಡ್ನಿಗಳಿರುತ್ತವೆ, ಇದರಿಂದ ಏನೂ ಆಗುವುದಿಲ್ಲ. ಆದರೆ ಕೆಲವರ ಕಿಡ್ನಿ ಪ್ರೋಸ್ಟಾಗ್ಲಾಂಡಿನ್ ಆಸರೆಯಲ್ಲೇ ಉಸಿರು ಹಿಡಿದುಕೊಂಡಿರುತ್ತದೆ. ಮೇ ತಿಂಗಳ ಬಿಸಿಲಲ್ಲಿ ಕಬ್ಬು ಕಡಿದು, ಬೆಳಿಗ್ಗೆಯಿಂದ ವಾಂತಿ ಮಾಡಿಕೊಂಡು ಬಂದವರು. ಅರವತ್ತೈದು ದಾಟಿದವರು. ಹತ್ತು ಹದಿನೈದು ವರ್ಷದ ಸಕ್ಕರೆ ಕಾಯಿಲೆಯವರು. ಮೂತ್ರ ಹೋಗಲೆಂದು ಕೊಡುವ ಮಾತ್ರೆಯನ್ನೂ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿ.ಪಿ. ಮಾತ್ರೆಯನ್ನೂ ಒಟ್ಟಿಗೆ ನುಂಗುತ್ತಿರುವವರು. ಈ ಎರಡರ ಮೇಲೆ ನಮ್ಮದೊಂದು ಡೈಕ್ಲೋಫೆನಾಕ್ ಬಿದ್ದರೆ ಮೂರೂ ಮೂರು ಕಡೆಯಿಂದ ಕಿಡ್ನಿಯನ್ನು ಒತ್ತುತ್ತವೆ. ಎರಡು ದಿನದಲ್ಲಿ, ಕಿಡ್ನಿಯ ಸ್ಥಿತಿ ಅಳೆಯುವ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಮೂರು ನಾಲ್ಕಕ್ಕೆ ಜಿಗಿಯಬಹುದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: "ಕಿಡ್ನಿ ಒಂದೇ ಇದೆಯಾ? ಒಂದನ್ನ ತೆಗೆಸಿದ್ದೀರಾ, ತಮ್ಮನಿಗೋ ಮಗನಿಗೋ ಕೊಟ್ಟಿದ್ದೀರಾ?" ಬೆನ್ನು ತಿರುಗಿಸಿ ಹಳೇ ಗಾಯದ ಗೆರೆ ಇದೆಯೇ ನೋಡಿ. ಒಂದೇ ಕಿಡ್ನಿಯವರಿಗೆ ಹರಳು ಸಿಕ್ಕಿಕೊಂಡು ಮೂತ್ರವೇ ಬರುತ್ತಿಲ್ಲವೆಂದರೆ ಅಲ್ಲಿ ನೋವುನಿವಾರಕದ ತೂಗುವಿಕೆಗೆ ಸಮಯವಿಲ್ಲ. ಯುರಾಲಜಿಸ್ಟ್ ಇರುವ ಕಡೆಗೆ ಆ ಕ್ಷಣವೇ ಕಳಿಸಬೇಕು.

ಉಳಿದವು ಎಲ್ಲರಿಗೂ ಗೊತ್ತಿರುವಂಥವು. ಹೊಟ್ಟೆಯ ಹುಣ್ಣಿನಿಂದ ರಕ್ತ ಹೋದದ್ದುಂಟೇ, ಹಿಂದೆ ನೋವಿನ ಮಾತ್ರೆಗೆ ಉಬ್ಬಸ ಬಂದಿತ್ತೇ, ಹೃದಯಾಘಾತ ಆಗಿತ್ತೇ, ರಕ್ತ ತೆಳ್ಳಗೆ ಮಾಡುವ ಮಾತ್ರೆ ಇದೆಯೇ, ಗರ್ಭಿಣಿಯೇ. ಮಳೆಗಾಲದಲ್ಲಿ ಇನ್ನೊಂದು ಸೇರಿಸಿ: ಡೆಂಗಿ. ಜ್ವರ ಇಳಿದು ಪ್ಲೇಟ್‌ಲೆಟ್ ಕುಸಿದಿರುವವನಿಗೆ ಡೈಕ್ಲೋಫೆನಾಕ್ ಚುಚ್ಚಬಾರದು.

ಮನೆಯವರಿಗೂ ಒಂದು ಮಾತು. ಬರುವಾಗ ಮಾತ್ರೆಯ ಪಟ್ಟಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬನ್ನಿ. "ಒಂದು ಬಿಳಿ ಮಾತ್ರೆ, ಒಂದು ಗುಲಾಬಿ ಮಾತ್ರೆ ತಗೋತಾರೆ" ಎಂದರೆ ನಮಗೆ ಏನೂ ತಿಳಿಯುವುದಿಲ್ಲ.

6. ಪ್ಯಾರಸಿಟಮಾಲನ್ನು ಕಡೆಗಣಿಸಬೇಡಿ

"ಜ್ವರದ ಮಾತ್ರೆನಾ? ನೋವಿಗೆ ಏನಾದ್ರೂ ಸ್ಟ್ರಾಂಗಾಗಿ ಕೊಡಿ ಸಾರ್." ಬಾಟಲಿಯ ಮೇಲಿನ ಹೆಸರು ಓದಬಲ್ಲ ಮಗನೋ ಅಳಿಯನೋ ಜೊತೆಗಿದ್ದರೆ ಈ ತಕರಾರು ಬಂದೇ ಬರುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮಾತ್ರೆಗೆ ಬೆಲೆಯಿಲ್ಲ. ಆದರೆ 1 ಗ್ರಾಂ ಪ್ಯಾರಸಿಟಮಾಲನ್ನು 100 ಮಿ.ಲೀ. ಡ್ರಿಪ್ಪಿನಲ್ಲಿ ಕಾಲು ಗಂಟೆ ಇಳಿಸಿದರೆ ಅದರ ಗಮ್ಮತ್ತೇ ಬೇರೆ. ದೋಹಾದಲ್ಲಿ ಅದು ಡೈಕ್ಲೋಫೆನಾಕಿನ ಬೆನ್ನಿಗೇ ಬಂದದ್ದನ್ನು ನೋಡಿದಿರಿ. ಐದನೇ ಪಾಠದ ಪಟ್ಟಿಯಲ್ಲಿದ್ದವರಿಗೆಲ್ಲ ನನ್ನ ಮೊದಲ ಔಷಧ ಇದೇ. ಗರ್ಭಿಣಿಯರಿಗೂ ಇದೇ. 50 ಕಿಲೋಗಿಂತ ಹಗುರ ಇರುವವರಿಗೆ ಕಿಲೋಗೆ 15 ಮಿ.ಗ್ರಾಂ. ಲೆಕ್ಕ ಹಾಕಬೇಕು. ಬಾಟಲಿ ಚಿಕ್ಕದೆಂದು ಪೂರ್ತಿ ಬಿಡಬಾರದು. ಕುಡಿದು ಲಿವರ್ ಕೆಡಿಸಿಕೊಂಡವರಲ್ಲಿ ಹುಷಾರು.

ಮತ್ತೊಂದು ಎಚ್ಚರಿಕೆ ನಿಜಕ್ಕೂ ದೊಡ್ಡದು. ಪ್ಯಾರಸಿಟಮಾಲ್ ಜ್ವರವನ್ನೂ ಇಳಿಸುತ್ತದೆ. ಥರ್ಮಾಮೀಟರ್ ಇಡುವ ಮೊದಲು ಡ್ರಿಪ್ ಏರಿಸಿಬಿಟ್ಟರೆ ಒಂಬತ್ತನೇ ಪಾಠದ ಚಳಿಜ್ವರದ ರೋಗಿ ನಿಮ್ಮ ಕೈಯಿಂದ ಜಾರಿಹೋಗುತ್ತಾನೆ.

7. ಮಾರ್ಫಿನ್ ಗುಂಪು ಎರಡನೇ ಸಾಲಿನಲ್ಲಿರಲಿ, ಆದರೆ ಇರಲಿ

ಹರಳಿನ ನೋವಿಗೆ ಪೆಥಿಡಿನ್ ಎಂಬ ನಂಟು ಎರಡು ತಲೆಮಾರಿನ ಡಾಕ್ಟರುಗಳ ಬಾಯಲ್ಲಿತ್ತು. ಅದರ ಹುಟ್ಟೇ ಸ್ವಾರಸ್ಯ. 1930ರ ದಶಕದ ಕೊನೆಯಲ್ಲಿ ಜರ್ಮನಿಯ ಓಟೊ ಐಸ್‌ಲೆಬ್ ಹುಡುಕುತ್ತಿದ್ದದ್ದು ಸ್ಪಾಸಂ ಬಿಡಿಸುವ ಔಷಧವನ್ನು. ಅದನ್ನು ಪರೀಕ್ಷಿಸುವಾಗ ಇಲಿಗಳ ಬಾಲ ನೆಟ್ಟಗೆ ನಿಂತದ್ದನ್ನು ಶೌಮನ್ ಎಂಬವರು ಕಂಡರು. ಮಾರ್ಫಿನ್ ಕೊಟ್ಟ ಇಲಿಗೂ ಹಾಗೇ ಆಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸ್ಪಾಸಮ್ಮನ್ನೂ ಬಿಡಿಸಿ ನೋವನ್ನೂ ತೆಗೆಯುವ ಔಷಧವೆಂಬ ಹೆಸರು ಪೆಥಿಡಿನ್‌ಗೆ ಅಂಟಿದ್ದು ಹೀಗೆ. ಹೊಲ್ಡ್‌ಗೇಟ್ ಮತ್ತು ಪೊಲಾಕ್ 2004ರಲ್ಲಿ 20 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಹೆಸರಿಗೆ ತಕ್ಕ ಆಧಾರ ಸಿಗಲಿಲ್ಲ. ವಾಂತಿ ಹೆಚ್ಚು, ಅದರಲ್ಲೂ ಪೆಥಿಡಿನ್‌ನಲ್ಲಿ. ಮೊದಲೇ ವಾಂತಿ ಮಾಡುತ್ತಿರುವವನಿಗೆ ಇನ್ನಷ್ಟು ವಾಂತಿ ಬರಿಸುವ ಔಷಧ! ಕಿಡ್ನಿ ಸರಿಯಿಲ್ಲದವರಲ್ಲಿ ಅದರ ಉಳಿಕೆ ಮೈಯಲ್ಲಿ ನಿಂತು ಫಿಟ್ಸ್ ಬರಿಸುವುದೂ ಉಂಟು.

ಎರಡನೇ ಔಷಧ ಬೇಕಾದಾಗ ಮಾರ್ಫಿನ್ ಅಥವಾ ಫೆಂಟನಿಲ್ ಸ್ವಲ್ಪ ಸ್ವಲ್ಪವೇ ರಕ್ತನಾಳಕ್ಕೆ ಕೊಡುತ್ತಾ, ಉಸಿರು ನೋಡುತ್ತಾ ಹೋಗುವುದು ಸರಿಯಾದ ಕ್ರಮ. ತೊಂದರೆ ಎಂದರೆ ತಾಲ್ಲೂಕು ಮಟ್ಟದಲ್ಲಿ ಅವು ಬೀರುವಿನಲ್ಲಿ ಇರುವುದೇ ಅಪರೂಪ. 1985ರ ಎನ್‌ಡಿಪಿಎಸ್ (ಮಾದಕದ್ರವ್ಯ) ಕಾಯ್ದೆಯ ಲೈಸೆನ್ಸು, ರಿಜಿಸ್ಟರು, ಲೆಕ್ಕದ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ನಿಯಮವನ್ನು ಸಡಿಲಿಸಿತು. ಭಯ ಸಡಿಲವಾಗಲಿಲ್ಲ. ಹೀಗಾಗಿ ಕೈಗೆ ಸಿಗುವುದು ಟ್ರಮಡಾಲ್, ಇಲ್ಲವೇ ಪೆಂಟಾಜೊಸಿನ್. ಟ್ರಮಡಾಲಿನಿಂದ ವಾಂತಿ, ತಲೆಸುತ್ತು ಚೆನ್ನಾಗಿಯೇ ಬರುತ್ತದೆ, ನೋವು ಹೋಗುವುದು ಮಾತ್ರ ಅಷ್ಟಕ್ಕಷ್ಟೆ. 2018ರಿಂದ ಅದೂ ಎನ್‌ಡಿಪಿಎಸ್ ಪಟ್ಟಿ ಸೇರಿದೆ.

ಚಟಕ್ಕಾಗಿ ಹರಳಿನ ನೋವು ನಟಿಸುವವರಿದ್ದಾರೆ. ಔಷಧದ ಹೆಸರು ಹೇಳಿಕೊಂಡೇ ಬರುತ್ತಾರೆ, ಡೈಕ್ಲೋಫೆನಾಕ್ ಅಲರ್ಜಿ ಅನ್ನುತ್ತಾರೆ. ಬೆರಳು ಚುಚ್ಚಿ ಮೂತ್ರಕ್ಕೆ ರಕ್ತ ಬೆರೆಸುವ ತಂತ್ರ ನಾನು ಓದಿದ ಪುಸ್ತಕಗಳಲ್ಲೂ ಇತ್ತು. ಅಂಥವರು ವಿರಳ. ಅವರನ್ನು ಹಿಡಿಯುವ ಹುರುಪಿನಲ್ಲಿ ನಿಜವಾಗಿ ನರಳುವವನನ್ನು ಕಾಯಿಸುವುದಕ್ಕಿಂತ, ಅಪರೂಪಕ್ಕೊಬ್ಬ ನಟನ ಕೈಲಿ ಮೋಸ ಹೋಗುವುದು ಮೇಲು.

8. ಗ್ಲೂಕೋಸ್, ಬಿಯರ್, ಬಿಸಿನೀರಿನ ಚೀಲ

"ಎರಡು ಬಾಟ್ಲಿ ಗ್ಲೂಕೋಸ್ ಹಾಕಿ ಸಾರ್, ಹರಳು ಕೊಚ್ಕೊಂಡು ಹೋಗ್ಲಿ." ಹೋಗುವುದಿಲ್ಲ. ನೀರು ಸುರಿದು ಹರಳನ್ನು ತಳ್ಳಬಹುದೆಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಮೊದಲ ಪಾಠ ನೆನಪಿದ್ದರೆ ಏಕೆಂದು ತಿಳಿಯುತ್ತದೆ. ವಾಂತಿಯಿಂದ ಕಳೆದುಹೋದಷ್ಟನ್ನು ತುಂಬಿದರೆ ಸಾಕು. ಬಿಯರ್ ಕೂಡ ಅಷ್ಟೇ, ನೋವಿರುವಾಗ ಅದು ಒತ್ತಡ ಹೆಚ್ಚಿಸುವ ಉಪಾಯ. ಬಾಳೆದಿಂಡಿನ ಪಲ್ಯ, ಹುರುಳಿ ಕಟ್ಟಿನ ಸಾರು ಊಟಕ್ಕೆ ಚೆನ್ನ, ಈ ನೋವಿಗೆ ಅವು ಔಷಧವಲ್ಲ. ನೀರು ಹೆಚ್ಚು ಕುಡಿಯಬೇಕಾದದ್ದು ಹರಳು ಹೋದ ಮೇಲೆ, ಮತ್ತೊಂದು ಕಟ್ಟದಿರಲೆಂದು, ಜೀವನಪೂರ್ತಿ.

ಅಜ್ಜಿಯರ ಶಾಖದ ವಿಷಯದಲ್ಲಿ ಮಾತ್ರ ವಿಜ್ಞಾನ ತಲೆಬಾಗಿದೆ. ವಿಯೆನ್ನಾದಲ್ಲಿ ಆಂಬುಲೆನ್ಸಿನಲ್ಲೇ ಹೊಟ್ಟೆಗೂ ಸೊಂಟಕ್ಕೂ 42 ಡಿಗ್ರಿಯ ಬೆಚ್ಚನೆ ಹೊದಿಕೆ ಕಟ್ಟಿ 100 ಮಂದಿಯಲ್ಲಿ ನೋಡಿದರು. ಹೊದಿಕೆ ಬಿಸಿಯಾಗಿದ್ದವರಿಗೆ ನೋವೂ ಕಳವಳವೂ ವಾಕರಿಕೆಯೂ ಇಳಿದವು. 2003ರ ಅಧ್ಯಯನ ಅದು. ನಮ್ಮಲ್ಲಿ ಸಿಸ್ಟರ್ ಕೊಠಡಿಯ ರಬ್ಬರ್ ಚೀಲವೇ ಸಾಕು, ಸುಡದಂತೆ ಬಟ್ಟೆ ಸುತ್ತಿದರಾಯಿತು.

9. ಚಳಿಜ್ವರವಿದ್ದರೆ ಇದು ನೋವಿನ ಕೇಸೇ ಅಲ್ಲ

ಕಟ್ಟಿಕೊಂಡ ಕಿಡ್ನಿಯಲ್ಲಿ ಸೋಂಕು ಸೇರಿದರೆ ಅದು ಕೀವಿನ ಮುಚ್ಚಿದ ಗಡಿಗೆ. ನಡುಕ ಬರುತ್ತದೆ, ನಾಡಿ ಓಡುತ್ತದೆ, ಬಿ.ಪಿ. ಇಳಿಯುತ್ತದೆ. ಆಂಟಿಬಯಾಟಿಕ್ ಒಂದೇ ಸಾಲದು. ಕೆಳಗಿನಿಂದ ಡಿಜೆ ಸ್ಟೆಂಟ್ ಎಂಬ ಕೊಳವೆ ಹಾಕಿಯೋ ಬೆನ್ನಿನಿಂದ ನಳಿಕೆ ಇಳಿಸಿಯೋ ಕೀವು ಹೊರಬಿಡಬೇಕು. ಆಂಟಿಬಯಾಟಿಕಿನ ಮೊದಲ ಡೋಸ್ ಹಾಕಿ 108ಕ್ಕೆ ಫೋನ್ ಮಾಡಿ. ಯಾವ ನೋವುನಿವಾರಕ ಉತ್ತಮ ಎಂಬ ಚರ್ಚೆ ಆಂಬುಲೆನ್ಸ್ ಹೊರಟ ಮೇಲೆ.

10. ಹರಳಿನಂತೆ ಕಾಣುವ ಬೇರೆ ನೋವುಗಳು

ಅರವತ್ತು ದಾಟಿದ, ಬೀಡಿ ಸೇದುವ, ಹಿಂದೆಂದೂ ಹರಳು ಕಂಡಿರದ ಗಂಡಸಿಗೆ ಮೊದಲ ಸಲ "ಹರಳಿನ ನೋವು" ಬಂದರೆ ಹೊಟ್ಟೆಯ ಮಹಾಧಮನಿ ಉಬ್ಬಿ ಸೋರುತ್ತಿರಬಹುದು. ಸ್ಕ್ಯಾನಿಂಗ್ ಮಾಡುವವರಿಗೆ ಕಿಡ್ನಿಯ ಜೊತೆಗೆ ಅದನ್ನೂ ನೋಡಲು ಹೇಳಿ. ಹದಿಹರೆಯದ ಹುಡುಗ ಪಕ್ಕೆನೋವೆಂದರೆ ಚಡ್ಡಿ ಬಿಚ್ಚಿಸಿ ಬೀಜ ತಿರುಚಿಕೊಂಡಿದೆಯೇ ನೋಡಿ. ಅವನು ನಾಚಿಕೆಗೆ ಬಾಯಿಬಿಡುವುದಿಲ್ಲ. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಮೊದಲು ಗರ್ಭದ ಪರೀಕ್ಷೆ.

11. ನೋವು ನಿಂತ ಮೇಲಿನ ಚೀಟಿ

ಸೂಜಿ ಹಿಡಿದ ಒಂದು ಗಂಟೆಯ ಮೇಲೆ ರೋಗಿ ಬೇರೆಯೇ ಮನುಷ್ಯ. ಎದ್ದು ಕೂತು, ಹೊರಗಡೆಯಿಂದ ಟೀ ತರಿಸಿ, "ಹೊರಡ್ತೀವಿ ಸಾರ್, ಹಸುಗೆ ಮೇವು ಹಾಕಬೇಕು" ಅನ್ನುತ್ತಾನೆ. ಅವನ ಕೈಗೆ ಕೊಡುವ ಚೀಟಿಯಲ್ಲಿ ನಾನು ಬರೆಯುವುದು ಹೀಗೆ. ಐದನೇ ಪಾಠದ ತೊಡಕಿಲ್ಲದವರಿಗೆ ಡೈಕ್ಲೋಫೆನಾಕ್ 50 ಮಿ.ಗ್ರಾಂ. ಮಾತ್ರೆ, ಊಟದ ಮೇಲೆ, ಕೆಲವು ದಿನ. ಹರಳು ಇದರಿಂದ ಬೇಗ ಬೀಳುವುದಿಲ್ಲ, ರಾತ್ರಿ ಮತ್ತೆ ಓಡಿಬರುವುದು ತಪ್ಪುತ್ತದೆ.

ಹರಳು ಬೀಳಲೆಂದು ಕೊಡುವ ಟಾಮ್ಸುಲೋಸಿನ್ ಬರೆಯುವ ಮೊದಲು ಹರಳಿನ ಅಳತೆಯನ್ನೂ ಅದಿರುವ ಜಾಗವನ್ನೂ ನೋಡುತ್ತೇನೆ. 5 ಮಿ.ಮೀ. ಒಳಗಿನ ಹರಳುಗಳಲ್ಲಿ ಸುಮಾರು ಶೇ. 68 ತಾವಾಗಿಯೇ ಬೀಳುತ್ತವೆ, 5ರಿಂದ 10ರವುಗಳಲ್ಲಿ ಸುಮಾರು ಶೇ. 47. ಬ್ರಿಟನ್ನಿನ 24 ಆಸ್ಪತ್ರೆಗಳ 'ಸಸ್ಪೆಂಡ್' ಎಂಬ ಪ್ರಯೋಗದಲ್ಲಿ, 2015ರಲ್ಲಿ, ಟಾಮ್ಸುಲೋಸಿನ್ ಪಡೆದವರಲ್ಲಿ ಮುಂದೆ ಬೇರೆ ಚಿಕಿತ್ಸೆ ಬೇಕಾಗದವರು ಶೇ. 81, ಸುಮ್ಮನೆ ಸಕ್ಕರೆ ಗುಳಿಗೆ ಪಡೆದವರಲ್ಲಿ ಶೇ. 80. ಚೀನಾದ ದೊಡ್ಡ ಪ್ರಯೋಗವೊಂದರಲ್ಲಿ ನಾಳದ ಕೊನೆಯ ಭಾಗದಲ್ಲಿದ್ದ, 5 ಮಿ.ಮೀ. ಮೀರಿದ ಹರಳಿಗೆ ಲಾಭ ಕಂಡಿತು. ಆ ಗುಂಪಿಗೆ ಮಾತ್ರ ರಾತ್ರಿ 0.4 ಮಿ.ಗ್ರಾಂ. ಬರೆಯುತ್ತೇನೆ. ಎದ್ದು ನಿಂತರೆ ತಲೆ ತಿರುಗಬಹುದು, ವೀರ್ಯ ಹೊರಬಾರದಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಮದುವೆಯಾದ ಹುಡುಗರಿಗೆ ಇದನ್ನು ಹೇಳದೆ ಕಳಿಸಿದರೆ ಎರಡೇ ದಿನಕ್ಕೆ ಗಾಬರಿಯಿಂದ ಬರುತ್ತಾರೆ.

ಕೊನೆಯ ಸಾಲಿಗೆ ಕೆಳಗೆರೆ ಎಳೆಯುತ್ತೇನೆ: ಜ್ವರ, ಮೂತ್ರ ನಿಲ್ಲುವುದು, ನಿಲ್ಲದ ವಾಂತಿ, ಮಾತ್ರೆಗೆ ಬಗ್ಗದ ನೋವು, ಇದರಲ್ಲಿ ಒಂದಾದರೂ ಕಂಡರೆ ರಾತ್ರಿಯಾದರೂ ಬರಬೇಕು. ಏನೂ ಕಾಣದಿದ್ದರೂ ಎರಡು ಮೂರು ವಾರಕ್ಕೆ ಸ್ಕ್ಯಾನಿಂಗ್ ಮಾಡಿಸಲೇಬೇಕು. ಹರಳು ಬೀಳದೆ ಅಲ್ಲೇ ಕೂತಿದ್ದರೂ ವಾರ ಕಳೆದ ಮೇಲೆ ನೋವು ತಾನೇ ಅಡಗುವುದುಂಟು. ಮೇಲಿನ ಕಿಡ್ನಿ ಸದ್ದಿಲ್ಲದೆ ಸೊರಗುತ್ತಿರುತ್ತದೆ. "ನೋವೇ ಇಲ್ಲ, ಯಾಕೆ ಸುಮ್ನೆ ದುಡ್ಡು ದಂಡ" ಎಂದು ಗಂಡ ಅನ್ನುವಾಗ ಪಕ್ಕದಲ್ಲಿ ನಿಂತ ಹೆಂಡತಿಯ ಕೈಗೆ ಚೀಟಿ ಕೊಡುತ್ತೇನೆ. ದಿನಾಂಕವನ್ನು ಅವರ ಎದುರಿಗೇ ದೊಡ್ಡದಾಗಿ ಬರೆದು, "ಅಮ್ಮಾ, ಅವತ್ತು ಇವರನ್ನ ಕರ್ಕೊಂಡು ಬರೋದು ನಿಮ್ಮ ಕೆಲಸ" ಎಂದು ಒಪ್ಪಿಸುತ್ತೇನೆ.